ಕೆಮ್ಮಿಲ್ಲದ ಕ್ಷಯ

"ನನಗೆ ಕೆಮ್ಮೇ ಇಲ್ಲವಲ್ಲ ಮೇಡಂ, ಟಿ.ಬಿ. ಹೇಗೆ ಬಂತು?"

ಮುಂಬಯಿಯ ಉಪನಗರವೊಂದರಲ್ಲಿ ಸ್ತ್ರೀರೋಗ ವೈದ್ಯೆಯಾಗಿ ಕೆಲಸ ಮಾಡುತ್ತಿರುವ ಈ 25 ವರ್ಷಗಳಲ್ಲಿ ಇದೇ ಪ್ರಶ್ನೆಯನ್ನು ಕನ್ನಡದಲ್ಲಿ, ತುಳುವಿನಲ್ಲಿ, ಮರಾಠಿಯಲ್ಲಿ, ಹಿಂದಿಯಲ್ಲಿ ಕೇಳಿದ್ದೇನೆ. ಕೇಳುವವರು ಹೆಚ್ಚಾಗಿ 20ರಿಂದ 35ರೊಳಗಿನ ಹೆಣ್ಣುಮಕ್ಕಳು. ಅವರು ನನ್ನ ಬಳಿ ಬಂದಿರುವುದು ಮದುವೆಯಾಗಿ ನಾಲ್ಕೈದು ವರ್ಷವಾದರೂ ಮಕ್ಕಳಾಗಿಲ್ಲ ಎಂದು. ಜ್ವರವಿಲ್ಲ, ಕೆಮ್ಮಿಲ್ಲ, ಎದೆಯ ಎಕ್ಸ್‌ರೇ ಚೊಕ್ಕಟ. ಮನೆಗೆಲಸ, ಲೋಕಲ್ ಟ್ರೇನಿನ ಓಡಾಟ, ಆಫೀಸು ಎಲ್ಲವೂ ನಡೆದಿರುತ್ತದೆ. ಅಂಥವರ ಮುಂದೆ ಕೂತು "ನಿಮ್ಮ ಗರ್ಭಕೋಶದ ನಾಳಗಳಲ್ಲಿ ಕ್ಷಯ ಇದೆ" ಎಂದರೆ ಅವರು ನಂಬುವುದಾದರೂ ಹೇಗೆ?

ಕ್ಷಯದ ರೋಗಾಣು ದೇಹದೊಳಗೆ ಬರುವುದು ಬಹುತೇಕ ಎಲ್ಲರಿಗೂ ಉಸಿರಿನ ಮೂಲಕವೇ. ಚಿಕ್ಕಂದಿನಲ್ಲಿ ಮನೆಯಲ್ಲಿದ್ದ ಅಜ್ಜ ಕೆಮ್ಮುತ್ತಿದ್ದಿರಬಹುದು, ಪಕ್ಕದ ಖೋಲಿಯವರಿಗೆ ಇದ್ದಿರಬಹುದು, ಹಾಸ್ಟೆಲಿನ ಗೆಳತಿಗೆ ಇದ್ದಿರಬಹುದು. ರೋಗಾಣು ಶ್ವಾಸಕೋಶದಲ್ಲಿ ಒಂದಿಷ್ಟು ದಿನ ಇದ್ದು, ಅಲ್ಲಿ ದೊಡ್ಡ ಗದ್ದಲವೇನೂ ಮಾಡದೆ, ರಕ್ತದ ಜೊತೆ ಬೇರೆ ಕಡೆಗೆ ಹೋಗುತ್ತದೆ. ಮೂಳೆಗೆ, ಮೂತ್ರಪಿಂಡಕ್ಕೆ, ಮಿದುಳಿನ ಪೊರೆಗೆ, ಕತ್ತಿನ ಗಂಟುಗಳಿಗೆ, ಹೆಣ್ಣಿನಲ್ಲಿ ಅಂಡನಾಳಗಳಿಗೆ. ಅಲ್ಲಿ ವರ್ಷಗಟ್ಟಲೆ ಸುಮ್ಮನೆ ಮಲಗಿರಬಲ್ಲದು. ಎದೆಯಲ್ಲಿ ಬಂದ ಮೂಲ ಗಾಯ ಅಷ್ಟರಲ್ಲಿ ಮಾಯ್ದು ಹೋಗಿರುತ್ತದೆ. ಹಾಗಾಗಿಯೇ ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ಭಾರತದಲ್ಲಿ ವರದಿಯಾಗುವ ಕ್ಷಯದ ಪ್ರಕರಣಗಳಲ್ಲಿ ಐದರಲ್ಲಿ ಒಂದರಷ್ಟು ಶ್ವಾಸಕೋಶದ ಹೊರಗಿನವು. ಜಗತ್ತಿನ ಒಟ್ಟು ಕ್ಷಯರೋಗಿಗಳಲ್ಲಿ ಕಾಲು ಭಾಗದಷ್ಟು ಮಂದಿ ನಮ್ಮ ದೇಶದವರು ಎಂಬುದನ್ನು ಇದರ ಜೊತೆ ಇಟ್ಟು ನೋಡಿ.

ಅಂಡನಾಳ ಎಂದರೆ ಗರ್ಭಕೋಶದ ಎರಡು ಬದಿಗೆ ಕೈ ಚಾಚಿದ ಹಾಗಿರುವ, ಸುಮಾರು 10 ಸೆಂಟಿಮೀಟರ್ ಉದ್ದದ ಕೊಳವೆ. ಅಂಡಾಣು, ವೀರ್ಯಾಣು ಒಂದಾಗುವುದು ಇಲ್ಲೇ. ಒಳಗೆ ರೇಷ್ಮೆಯಂಥ ಸೂಕ್ಷ್ಮ ರೋಮಗಳಿದ್ದು, ಕೂಡಿದ ಭ್ರೂಣವನ್ನು ಗರ್ಭಕೋಶದ ಕಡೆಗೆ ಮೆಲ್ಲಗೆ ಸಾಗಿಸುತ್ತವೆ. ಜನನಾಂಗಗಳಿಗೆ ಕ್ಷಯ ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಈ ನಾಳಗಳಿಗೆ ಪೆಟ್ಟು ಬಿದ್ದಿರುತ್ತದೆ, ಅದೂ ಸಾಮಾನ್ಯವಾಗಿ ಎರಡೂ ಬದಿಯಲ್ಲಿ. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಗರ್ಭಕೋಶದ ಒಳಪದರಕ್ಕೂ ತಗಲಿರುತ್ತದೆ. ಅಂಡಾಶಯಕ್ಕೆ ಅದಕ್ಕಿಂತ ಕಡಿಮೆ, ಗರ್ಭಕೋಶದ ಕೊರಳಿಗೆ ಇನ್ನೂ ಕಡಿಮೆ. ರೋಗ ಹಳತಾದಂತೆ ನಾಳದೊಳಗೆ ಗಾಯ, ಗಾಯ ಮಾಯುವಾಗ ಕಲೆ, ಕಲೆಯಿಂದ ಬಿಗಿತ, ಕೊನೆಗೆ ದಾರಿ ಬಂದ್. ಇದು ಹೊಸ ಕಾಯಿಲೆಯಲ್ಲ. ಇಟಲಿಯ ಮೊರ್ಗಾಗ್ನಿ ಎಂಬ ವೈದ್ಯ 1744ರಲ್ಲೇ, ಕ್ಷಯದಿಂದ ಸತ್ತ 20 ವರ್ಷದ ಹೆಣ್ಣುಮಗಳ ಶವಪರೀಕ್ಷೆಯಲ್ಲಿ ಇದನ್ನು ಕಂಡು ಬರೆದಿಟ್ಟಿದ್ದಾನೆ. ರಾಬರ್ಟ್ ಕೋಖ್ ರೋಗಾಣುವನ್ನೇ ಕಂಡುಹಿಡಿದದ್ದು ಅದಾಗಿ ಒಂದು ಶತಮಾನ ಕಳೆದ ಮೇಲೆ, 1882ರಲ್ಲಿ.

ಈ ರೋಗ ಸುಳಿವು ಕೊಡುವುದಿಲ್ಲ ಎನ್ನುತ್ತಾರೆ. ಅದು ಪೂರ್ತಿ ನಿಜವಲ್ಲ. ಅನೇಕರಲ್ಲಿ ಮುಟ್ಟು ಬದಲಾಗಿರುತ್ತದೆ. ಐದು ದಿನ ಆಗುತ್ತಿದ್ದುದು ಎರಡು ದಿನಕ್ಕೆ ಇಳಿದಿರುತ್ತದೆ, ಆಮೇಲೆ ಒಂದು ದಿನ, ಆಮೇಲೆ ಬಟ್ಟೆಗೆ ಕಲೆ ಅಂಟುವಷ್ಟು. ಕೆಲವರಿಗೆ ಪೂರ್ತಿ ನಿಂತೇ ಹೋಗಿರುತ್ತದೆ. ಕಿಬ್ಬೊಟ್ಟೆಯಲ್ಲಿ ಮಂದವಾದ ನೋವು, ಬಿಳಿ ಮುಟ್ಟು, ಸಂಜೆ ಹೊತ್ತು ಮೈ ಬೆಚ್ಚಗಾಗುವುದು, ತೂಕ ಇಳಿಯುವುದು ಕೂಡ ಇರಬಹುದು. ಆದರೆ ನಮ್ಮ ಮನೆಗಳಲ್ಲಿ ಮುಟ್ಟು ಹೆಚ್ಚು ಹೋದರೆ ಮಾತ್ರ ಅದು ಕಾಯಿಲೆ. ಕಡಿಮೆ ಹೋದರೆ ಪುಣ್ಯ. "ಒಳ್ಳೆಯದೇ ಆಯ್ತು, ಆಫೀಸಿಗೆ ಹೋಗಲು ಆರಾಮ" ಎಂದವರು ಎಷ್ಟೋ ಮಂದಿ. ನನ್ನ ಅನುಭವದಲ್ಲಿ ರೋಗ ಪತ್ತೆಯಾಗಲು ತಡವಾಗುವುದಕ್ಕೆ ಇದು ದೊಡ್ಡ ಕಾರಣ. ಇನ್ನು ಮುಟ್ಟು ಗಡಿಯಾರದಂತೆ ಸರಿಯಾಗಿದ್ದು, ಬೇರೆ ಯಾವ ತೊಂದರೆಯೂ ಇಲ್ಲದೆ, ಮಕ್ಕಳಾಗದಿರುವುದು ಒಂದೇ ಲಕ್ಷಣವಾಗಿರುವವರೂ ಸಾಕಷ್ಟಿದ್ದಾರೆ.

ಇಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೊದಲನೆಯವಳು ಕಲಬುರಗಿ ಜಿಲ್ಲೆಯ ಹಳ್ಳಿಯವಳು. ಗಂಡ ಠಾಣೆಯ ಕಡೆ ಕಟ್ಟಡದ ಕೆಲಸಕ್ಕೆ ಸೆಂಟ್ರಿಂಗ್ ಕಟ್ಟುವವ, ಇವಳು ಅದೇ ಸೈಟಿನಲ್ಲಿ ಇಟ್ಟಿಗೆ ಹೊರುವವಳು. ವಯಸ್ಸು 24, ಮದುವೆಯಾಗಿ ಆರು ವರ್ಷ. ಜೊತೆಗೆ ಬಂದಿದ್ದ ಅತ್ತೆ ಕುರ್ಚಿಯಲ್ಲಿ ಕೂರಲೂ ಒಪ್ಪದೆ ನಿಂತೇ ಕೇಳಿದಳು: "ಡಾಕ್ಟರಬಾಯಿ, ಈಕಿಗಿ ಮಕ್ಕಳಾಗ್ತಾವೊ ಇಲ್ಲೊ ಒಂದ್ ಮಾತ್ ಹೇಳಿಬಿಡ್ರಿ. ನಾವು ಮುಂದಿಂದು ನೋಡಬೇಕು." ಮುಂದಿಂದು ಎಂದರೇನು ಎಂಬುದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಊರಿನಲ್ಲಿ ಸೋದರಮಾವನ ಮಗಳೊಬ್ಬಳನ್ನು ಮಗನಿಗೆ ನೋಡಿಟ್ಟಾಗಿತ್ತು. ಸೊಸೆ ನೆಲ ನೋಡುತ್ತಾ ಕೂತಿದ್ದಳು. ಮುಟ್ಟಿನ ಬಗ್ಗೆ ಕೇಳಿದಾಗ, ಮೂರು ವರ್ಷದಿಂದ ಒಂದೇ ದಿನ, ಅದೂ ನಾಲ್ಕು ಹನಿ ಎಂದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಯಾರಿಗಾದರೂ ಟಿ.ಬಿ. ಆಗಿತ್ತೇ ಎಂದೆ. ಇಲ್ಲವೆಂದು ಅತ್ತೆ ತಲೆಯಾಡಿಸಿದಳು. ಸೊಸೆ ತವರಿನ ನೆನಪು ಮಾಡಿಕೊಂಡು, ತಾನು ಸಣ್ಣವಳಿದ್ದಾಗ ಅಣ್ಣನೊಬ್ಬ ಆರು ತಿಂಗಳು "ಕೆಂಪು ಗುಳಗಿ" ನುಂಗಿದ್ದ ಎಂದಳು.

ಕೆಂಪು ಗುಳಗಿ ಎಂದ ಕೂಡಲೇ ನನಗೆ ರಿಫಾಂಪಿಸಿನ್ ನೆನಪಾಯಿತು. ರೋಗಿಗಳ ಮಾತಿನಲ್ಲಿ ಇಂಥ ಒಂದು ಸಣ್ಣ ವಿವರ ಎಷ್ಟು ದೂರ ಕೊಂಡೊಯ್ಯುತ್ತದೆ ಎಂದರೆ, ಅದು ಅನುವಾದದಲ್ಲಿ ಕಳೆದುಹೋದರೆ ಎಂದು ಭಯವಾಗುತ್ತದೆ. ಅವಳಿಗೆ ಮರಾಠಿ ಬರುತ್ತಿರಲಿಲ್ಲ, ಹಿಂದಿ ಅರೆಬರೆ. ಹಿಂದೆ ತೋರಿಸಿದ್ದ ಕಡೆ ಗಂಡನೇ ಮಾತಾಡಿದ್ದ. ಹೆಂಡತಿಯ ಮುಟ್ಟು ಎಷ್ಟು ದಿನ ಎಂಬುದು ಅವನಿಗೆ ಹೇಗೆ ಗೊತ್ತಿರಬೇಕು?

ಎರಡನೆಯವರು ಡೊಂಬಿವಲಿಯ ಕಡೆ ಇರುವ, ಉಡುಪಿ ಮೂಲದ ಹೋಟೆಲ್ ಕುಟುಂಬದ ಸೊಸೆ. ಬ್ಯಾಂಕಿನಲ್ಲಿ ಕೆಲಸ, ವಯಸ್ಸು 33. ಮುಟ್ಟು ಸರಿಯಾಗಿತ್ತು. ಖಾಸಗಿ ಕೇಂದ್ರವೊಂದರಲ್ಲಿ ಎರಡು ಸಲ ಐವಿಎಫ್ ಮಾಡಿಸಿಕೊಂಡು ಎರಡೂ ಸಲ ಭ್ರೂಣ ನಿಲ್ಲದೆ ಬಂದಿದ್ದರು. ಫೈಲು ಎರಡು ಇಂಚು ದಪ್ಪ. ಹಾರ್ಮೋನಿನ ಪರೀಕ್ಷೆಗಳೇ ಪುಟಗಟ್ಟಲೆ ಇದ್ದವು. ಗರ್ಭಕೋಶದ ಒಳಪದರವನ್ನು ಒಮ್ಮೆಯೂ ತೆಗೆದು ಪರೀಕ್ಷೆಗೆ ಕಳಿಸಿರಲಿಲ್ಲ. ಕ್ಷಯದ ಮಾತೆತ್ತಿದಾಗ ಅವರ ಅತ್ತೆ ಬೇಸರದಿಂದಲೇ ಹೇಳಿದರು, "ಅದೆಲ್ಲ ಹೇಗೆ ಡಾಕ್ಟ್ರೇ? ನಮ್ಮದು ಒಳ್ಳೆ ಊಟ ತಿಂಡಿ ಇರುವ ಮನೆ ಮಾರಾಯ್ರೆ."

ಊಟ ತಿಂಡಿ ಚೆನ್ನಾಗಿದ್ದರೆ ರೋಗ ಬರುವ ಸಂಭವ ಕಡಿಮೆ, ನಿಜ. ಆದರೆ ಗಾಳಿ ಎಲ್ಲರಿಗೂ ಒಂದೇ. ಹೋಟೆಲಿನ ಹಿಂದಿನ ಒಂದೇ ಕೋಣೆಯಲ್ಲಿ ಹತ್ತು ಹುಡುಗರು ಮಲಗುವ ಪದ್ಧತಿ ನಮ್ಮವರದೇ. ಮುಂಬಯಿಯ ಚಾಳುಗಳಲ್ಲಿ, ಗಾಳಿಯಾಡದ ಖೋಲಿಗಳಲ್ಲಿ, ಗಂಟೆಗಟ್ಟಲೆ ಒತ್ತಿಕೊಂಡು ನಿಂತು ಹೋಗುವ ಲೋಕಲ್ಲುಗಳಲ್ಲಿ ರೋಗಾಣುವಿಗೆ ಜಾತಿ, ಸಂಬಳ ಗೊತ್ತಾಗುವುದಿಲ್ಲ.

ಈಗ ಪತ್ತೆಯ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಏಕೆಂದರೆ ಎರಡೂ ಬಗೆಯ ಎಡವಟ್ಟು ಆಗುವುದು ಇಲ್ಲೇ. ಇದ್ದ ರೋಗ ತಪ್ಪಿಹೋಗುವುದು ಒಂದು, ಇಲ್ಲದ ರೋಗಕ್ಕೆ ಮದ್ದು ಕೊಡುವುದು ಇನ್ನೊಂದು.

ಮೊಟ್ಟಮೊದಲು ಗಂಡನ ವೀರ್ಯ ಪರೀಕ್ಷೆ ಆಗಿರಬೇಕು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಲೇಬೇಕು: ಹೆಂಡತಿಗೆ ಹತ್ತು ಪರೀಕ್ಷೆ ಮಾಡಿಸಿ, ಗಂಡನಿಗೆ ಒಂದನ್ನೂ ಮಾಡಿಸದೆ ಬರುವ ದಂಪತಿಗಳು ಈ ಮಹಾನಗರದಲ್ಲಿ ಈಗಲೂ ಇದ್ದಾರೆ.

ಗರ್ಭಕೋಶದೊಳಗೆ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆಯುವ ಎಚ್‌ಎಸ್‌ಜಿ ಎಂಬ ಪರೀಕ್ಷೆಯನ್ನು ಬಹಳ ಜನ ಕೇಳಿರುತ್ತೀರಿ. ಆರೋಗ್ಯವಂತ ನಾಳ ಅದರಲ್ಲಿ ಸಣ್ಣ ದಾರದಂತೆ ಬಳುಕುತ್ತಾ ಕಾಣುತ್ತದೆ, ತುದಿಯಲ್ಲಿ ಬಣ್ಣ ಹೊಟ್ಟೆಯೊಳಕ್ಕೆ ಚೆಲ್ಲುತ್ತದೆ. ಕ್ಷಯ ತಗಲಿದ ನಾಳ ಕೆಲವರಲ್ಲಿ ಜಪಮಣಿಯ ಸರದ ಹಾಗೆ ಗಂಟುಗಂಟಾಗಿರುತ್ತದೆ, ಕೆಲವರಲ್ಲಿ ಸೀಸದ ಕೊಳವೆಯಂತೆ ಸೆಟೆದುಕೊಂಡಿರುತ್ತದೆ. ಇನ್ನೊಂದು ಚಿತ್ರವನ್ನು ನಮ್ಮ ಪುಸ್ತಕಗಳು ತಂಬಾಕಿನ ಚೀಲಕ್ಕೆ ಹೋಲಿಸುತ್ತವೆ. ನಮ್ಮ ಅಜ್ಜಿಯರ ಸೊಂಟದ ಎಲೆಅಡಿಕೆ ಸಂಚಿಯನ್ನು ನೋಡಿದವರಿಗೆ ತಕ್ಷಣ ಹೊಳೆಯುತ್ತದೆ: ಒಳಗೆ ಉಬ್ಬು, ಬಾಯಿಯ ಹತ್ತಿರ ಹುರಿ ಎಳೆದಂತೆ ಬಿಗಿ. ಆದರೆ ಚಿತ್ರ ನೋಡಿ ಅನುಮಾನ ಪಡಬಹುದೇ ಹೊರತು ರೋಗ ಖಚಿತ ಎನ್ನಲಾಗದು. ಬೇರೆ ಸೋಂಕುಗಳೂ ನಾಳವನ್ನು ಮುಚ್ಚಬಲ್ಲವು.

ಖಚಿತಪಡಿಸಲು ಗರ್ಭಕೋಶದ ಒಳಪದರದ ಚೂರು ಬೇಕು. ಅದನ್ನು ಮುಟ್ಟಿಗೆ ಸ್ವಲ್ಪ ಮುಂಚಿನ ದಿನಗಳಲ್ಲಿ ತೆಗೆದರೆ ಒಳ್ಳೆಯದು, ಆಗ ಪದರ ದಪ್ಪಗಿದ್ದು ರೋಗದ ಗುರುತು ಸಿಗುವ ಸಾಧ್ಯತೆ ಹೆಚ್ಚು. ತೆಗೆದದ್ದನ್ನು ಎರಡು ಪಾಲು ಮಾಡಬೇಕು. ಒಂದನ್ನು ಫಾರ್ಮಲಿನ್‌ನಲ್ಲಿ ಹಾಕಿ ಸೂಕ್ಷ್ಮದರ್ಶಕದ ಪರೀಕ್ಷೆಗೆ. ಇನ್ನೊಂದನ್ನು ಬರೀ ಸಲೈನಿನಲ್ಲಿ ಹಾಕಿ ಕಲ್ಚರಿಗೂ ಸಿಬಿನ್ಯಾಟ್ ಎಂಬ ಪರೀಕ್ಷೆಗೂ. ಫಾರ್ಮಲಿನ್ ರೋಗಾಣುವನ್ನು ಕೊಂದುಬಿಡುತ್ತದೆ, ಸತ್ತ ರೋಗಾಣು ಕಲ್ಚರಿನಲ್ಲಿ ಬೆಳೆಯುವುದಿಲ್ಲ. ಇಷ್ಟು ಸಣ್ಣ ವಿಷಯ. ಆದರೂ ಪೂರ್ತಿ ಚೂರನ್ನು ಫಾರ್ಮಲಿನ್ ಬಾಟಲಿಗೆ ಹಾಕಿ "ಟಿ.ಬಿ. ಕಲ್ಚರ್" ಎಂದು ಚೀಟಿ ಅಂಟಿಸಿ ಕಳಿಸಿದ್ದನ್ನು ನಾನು ಒಂದಲ್ಲ, ಹಲವು ಸಲ ನೋಡಿದ್ದೇನೆ. ನಿಮಗೆ ಈ ಪರೀಕ್ಷೆ ಬರೆದುಕೊಟ್ಟರೆ, "ಎರಡು ಬಾಟಲಿಯಲ್ಲಿ ಕಳಿಸುತ್ತೀರಲ್ಲವೇ" ಎಂದು ಕೇಳಲು ಸಂಕೋಚಪಡಬೇಡಿ. ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ.

ಕಲ್ಚರಿನ ಫಲಿತಾಂಶಕ್ಕೆ ಕೆಲವು ವಾರ ಕಾಯಬೇಕು, ಹಳೆಯ ಪದ್ಧತಿಯಲ್ಲಿ ಆರರಿಂದ ಎಂಟು ವಾರ. ಸಿಬಿನ್ಯಾಟ್ ಎರಡು ಗಂಟೆಗಳಲ್ಲಿ ಹೇಳುತ್ತದೆ, ರಿಫಾಂಪಿಸಿನ್ ಮದ್ದಿಗೆ ರೋಗಾಣು ಬಗ್ಗುತ್ತದೆಯೋ ಇಲ್ಲವೋ ಎಂಬುದನ್ನೂ ತಿಳಿಸುತ್ತದೆ. ಮದ್ದಿಗೆ ಬಗ್ಗದ ಕ್ಷಯ ಹೆಚ್ಚಿರುವ ಮುಂಬಯಿಯಂಥ ಊರಿನಲ್ಲಿ ಅದು ದೊಡ್ಡ ಉಪಕಾರ. ಅದು ಪಾಸಿಟಿವ್ ಬಂದರೆ ನಂಬಬಹುದು. ನೆಗೆಟಿವ್ ಬಂದರೆ ರೋಗ ಇಲ್ಲವೆಂದು ಕೈತೊಳೆದುಕೊಳ್ಳಲಾಗದು. ಈ ಜಾಗದಲ್ಲಿ ರೋಗಾಣುಗಳ ಸಂಖ್ಯೆಯೇ ಬಹಳ ಕಡಿಮೆ. ತೆಗೆದ ಚೂರಿನಲ್ಲಿ ಅವು ಇಲ್ಲದಿರಬಹುದು, ಪಕ್ಕದ ಚೂರಿನಲ್ಲಿ ಇರಬಹುದು. ರೋಗ ನಾಳದಲ್ಲಷ್ಟೇ ಇದ್ದು ಒಳಪದರಕ್ಕೆ ಇನ್ನೂ ಬಂದಿಲ್ಲದಿರಬಹುದು. ಅಂಥ ಅನುಮಾನ ಬಲವಾಗಿದ್ದಾಗ ಲ್ಯಾಪ್ರೊಸ್ಕೋಪಿ ಮಾಡಿ ಕಣ್ಣಾರೆ ನೋಡಬೇಕಾಗುತ್ತದೆ. ನಾಳದ ಮೇಲೆ ರವೆ ಚೆಲ್ಲಿದಂತೆ ಸಣ್ಣ ಬಿಳಿ ಗುಳ್ಳೆಗಳು, ಕರುಳಿಗೂ ಗರ್ಭಕೋಶಕ್ಕೂ ಅಂಟುಗಳು, ಹಾಗಿರುತ್ತದೆ ನೋಟ. ಬ್ಯಾಂಕಿನ ಆ ಹೆಣ್ಣುಮಗಳಲ್ಲಿ ಕಂಡದ್ದೂ ಇದೇ. ಗುಳ್ಳೆಯೊಂದನ್ನು ತೆಗೆದು ಕಳಿಸಿದೆವು, ವರದಿ ಕ್ಷಯ ಎಂದೇ ಬಂತು. ಕಲಬುರಗಿಯವಳಿಗೆ ಅಷ್ಟು ದೂರ ಹೋಗಬೇಕಾಗಲಿಲ್ಲ, ಒಳಪದರದ ಚೂರಿನಲ್ಲೇ ಸಿಕ್ಕಿತು.

ಇನ್ನೊಂದು ಬದಿಯ ಎಡವಟ್ಟು ಖಾಸಗಿ ವಲಯದಲ್ಲಿ ಹೆಚ್ಚು. ಬರೀ ಟಿ.ಬಿ. ಪಿಸಿಆರ್ ಪಾಸಿಟಿವ್ ಎಂಬ ಒಂದೇ ಕಾಗದ ಹಿಡಿದು ಆರು ತಿಂಗಳ ಮದ್ದು ಶುರುಮಾಡಿಸಿಕೊಂಡು ಬರುತ್ತಾರೆ. ಸತ್ತ ರೋಗಾಣುವಿನ ತುಣುಕಿಗೂ, ಪ್ರಯೋಗಾಲಯದ ಸಣ್ಣ ಕಲಬೆರಕೆಗೂ ಪಿಸಿಆರ್ ಪಾಸಿಟಿವ್ ಆಗಬಲ್ಲದು. ಬೇರೆ ಯಾವ ಸಾಕ್ಷಿಯೂ ಇಲ್ಲದೆ ಅದೊಂದನ್ನೇ ನೆಚ್ಚಿ ಮದ್ದು ಕೊಡುವುದು ನನಗೆ ಒಪ್ಪಿಗೆಯಿಲ್ಲ. ರಕ್ತದ ಇಗ್ರಾ ಪರೀಕ್ಷೆಯೂ, ಕೈಗೆ ಚುಚ್ಚುವ ಮಾಂಟೂ ಪರೀಕ್ಷೆಯೂ ರೋಗಾಣು ಎಂದೋ ದೇಹಕ್ಕೆ ಬಂದುಹೋದುದನ್ನು ಹೇಳುತ್ತವೆ, ಈಗ ಗರ್ಭನಾಳದಲ್ಲಿ ರೋಗ ಇದೆಯೇ ಎಂದು ಹೇಳಲಾರವು. ನಮ್ಮ ದೇಶದಲ್ಲಿ ಇವು ಪಾಸಿಟಿವ್ ಬರುವವರ ಸಂಖ್ಯೆ ಬಹಳ ದೊಡ್ಡದು. ಇನ್ನು ರಕ್ತದಲ್ಲಿ ಪ್ರತಿಕಾಯ ನೋಡಿ ಟಿ.ಬಿ. ಇದೆ ಎನ್ನುವ ಪರೀಕ್ಷೆಗಳನ್ನಂತೂ ಕೇಂದ್ರ ಸರ್ಕಾರ 2012ರಲ್ಲೇ ನಿಷೇಧಿಸಿದೆ. ಎಲ್ಲಾದರೂ ಬರೆದುಕೊಟ್ಟರೆ ಮಾಡಿಸಬೇಡಿ.

ರೋಗದ ಹೆಸರಿನದೇ ಒಂದು ತಕರಾರು ಇದೆ. ವರದಿಯಲ್ಲಿ "ಜೆನೈಟಲ್" ಎಂಬ ಪದ ಕಂಡ ಕೂಡಲೇ ಮನೆಯವರು ಇದನ್ನು ಗುಪ್ತರೋಗ ಎಂದುಕೊಳ್ಳುತ್ತಾರೆ. ಮದುವೆಗೆ ಮೊದಲು ಏನೋ ನಡೆದಿದೆ ಎಂದು ಅತ್ತೆ ಮನೆಯವರು ಪಿಸುಗುಟ್ಟಿದ್ದನ್ನು, ಒಬ್ಬ ಗಂಡ ನನ್ನೆದುರೇ ಹೆಂಡತಿಯನ್ನು ಹಾಗೆ ಕೇಳಿದ್ದನ್ನು ನಾನು ಕಂಡಿದ್ದೇನೆ. ಲೈಂಗಿಕ ಸಂಪರ್ಕದಿಂದ ಇದು ಬರುವುದು ಅಪರೂಪದಲ್ಲಿ ಅಪರೂಪ. ಉಸಿರಾಡಿದ್ದೇ ಆ ಹೆಣ್ಣಿನ ಅಪರಾಧ ಎಂದರೆ ಸರಿ. ಆಮೇಲಿಂದ ನಾನು ಕನ್ನಡದಲ್ಲಿ ವಿವರಿಸುವಾಗ "ಗರ್ಭಕೋಶದ ಟಿ.ಬಿ." ಎಂದೇ ಹೇಳುತ್ತೇನೆ. ಹೊಟ್ಟೆಯೊಳಗಿನದು ಎಂದಾಗ ಮನೆಯವರ ಮುಖ ಸ್ವಲ್ಪ ಸಡಿಲವಾಗುತ್ತದೆ.

ತಟ್ಟೆ ಲೋಟ ಬೇರೆ ಇಡಬೇಕೇ ಎಂಬುದು ಮುಂದಿನ ಪ್ರಶ್ನೆ. ಬೇಡ. ಎದೆಯ ಕ್ಷಯ ಇಲ್ಲದಿದ್ದರೆ ಇವರಿಂದ ಅಡುಗೆಯ ಮೂಲಕವಾಗಲಿ, ಜೊತೆಗೆ ಮಲಗುವುದರಿಂದಾಗಲಿ ಮನೆಯವರಿಗೆ ಹರಡುವ ಭಯವಿಲ್ಲ. ಕ್ಷಯ ಎಂದರೆ ಊರಾಚೆಯ ಸ್ಯಾನಟೋರಿಯಂ ಎಂಬ ನೆನಪು ನಮ್ಮ ಹಿರಿಯರಲ್ಲಿ ಇನ್ನೂ ಇದೆ. ಮೈಸೂರಿನವರಿಗೆ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ, ಮುಂಬಯಿಯವರಿಗೆ ಶಿವಡಿಯ ಆಸ್ಪತ್ರೆ. ಆ ನೆನಪಿಗೆ ಉತ್ತರ ಸಿಕ್ಕಿದ್ದು ಮದರಾಸಿನಲ್ಲಿ. ಅಲ್ಲಿ 1956ರಲ್ಲಿ ಶುರುವಾದ ಸಂಶೋಧನಾ ಕೇಂದ್ರ, ಎದೆಯ ಕ್ಷಯವಿದ್ದ ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸ್ಯಾನಟೋರಿಯಂನಲ್ಲಿ, ಇನ್ನೊಂದಕ್ಕೆ ಇಕ್ಕಟ್ಟಾದ ಅವರ ಮನೆಗಳಲ್ಲೇ ಒಂದು ವರ್ಷ ಮದ್ದು ಕೊಟ್ಟಿತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು, ಮನೆಮಂದಿಗೂ ಅದರಿಂದ ಹೆಚ್ಚಿನ ಅಪಾಯವಾಗಲಿಲ್ಲ. 1959ರಲ್ಲಿ ಬಂದ ಆ ಫಲಿತಾಂಶ ಜಗತ್ತಿನಾದ್ಯಂತ ಚಿಕಿತ್ಸೆಯ ರೀತಿಯನ್ನೇ ಬದಲಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. 1962ರ ರಾಷ್ಟ್ರೀಯ ಕಾರ್ಯಕ್ರಮದ ರೂಪರೇಖೆ ಬಂದದ್ದು ಅಲ್ಲಿಂದ.

ಮದ್ದು ಎದೆಯ ಕ್ಷಯಕ್ಕೆ ಕೊಡುವುದೇ. ಮೊದಲ ಎರಡು ತಿಂಗಳು ನಾಲ್ಕು ಔಷಧಿಗಳು ಕೂಡಿದ ಗುಳಿಗೆ, ನಂತರದ ನಾಲ್ಕು ತಿಂಗಳು ಮೂರು ಔಷಧಿಗಳದು. ದಿನಕ್ಕೆ ಎಷ್ಟು ಗುಳಿಗೆ ಎಂಬುದು ತೂಕದ ಮೇಲೆ. ಕೆಲವರು ಒಂಬತ್ತು ತಿಂಗಳು, ವರ್ಷ ಎಂದು ಎಳೆಯುತ್ತಾರೆ. ದಿಲ್ಲಿಯ ಏಮ್ಸ್‌ನಲ್ಲಿ ಈ ರೋಗದ ಬಗ್ಗೆಯೇ ನಡೆಸಿದ ಹೋಲಿಕೆಯಲ್ಲಿ ಒಂಬತ್ತು ತಿಂಗಳಿಗಿಂತ ಆರು ತಿಂಗಳು ಕಡಿಮೆಯೇನಲ್ಲ ಎಂದು ತಿಳಿದುಬಂದಿದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ಮದ್ದಿನ ಬಣ್ಣ. ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿಯಾದರೆ, ಬಣ್ಣ ಗುರುತಿಸಲು ಕಷ್ಟವಾದರೆ ಮಾತ್ರ ಆ ದಿನವೇ ವೈದ್ಯರಿಗೆ ಹೇಳಬೇಕು. ಗರ್ಭನಿರೋಧಕ ಮಾತ್ರೆಗಳು ಈ ಮದ್ದಿನ ಜೊತೆ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂಬುದೂ ಗೊತ್ತಿರಲಿ.

ಈ ಮದ್ದಿಗೆ ಹಣ ಕೊಡಬೇಕಾಗಿಲ್ಲ. ನಗರಪಾಲಿಕೆಯ ದವಾಖಾನೆಯಲ್ಲಾಗಲಿ, ಸರ್ಕಾರಿ ಆಸ್ಪತ್ರೆಯಲ್ಲಾಗಲಿ ಪೂರ್ತಿ ಉಚಿತ. ಖಾಸಗಿ ವೈದ್ಯರೂ ತಮ್ಮ ಪ್ರತಿ ಕ್ಷಯರೋಗಿಯ ವಿವರವನ್ನು ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ. ಹೆಸರು ನಿಕ್ಷಯ್ ಪೋರ್ಟಲಿಗೆ ಸೇರಿದರೆ ಪೌಷ್ಟಿಕ ಆಹಾರಕ್ಕೆಂದು ಚಿಕಿತ್ಸೆ ಮುಗಿಯುವವರೆಗೆ ಬ್ಯಾಂಕ್ ಖಾತೆಗೆ ಹಣ ಬರುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಎಂದು ಶುರುವಾದದ್ದು 2024ರ ನವೆಂಬರಿನಿಂದ 1000 ಆಗಿದೆ. ಹೊರನಾಡಿನಲ್ಲಿರುವ ನಮಗೆ ಇದಕ್ಕಿಂತ ಮುಖ್ಯವಾದದ್ದು ಆ ನಿಕ್ಷಯ್ ಸಂಖ್ಯೆ. ಜಾತ್ರೆಗೆ, ಸುಗ್ಗಿಗೆ, ಮದುವೆಗೆ ಎಂದು ಊರಿಗೆ ಹೋದವರು ತಿಂಗಳುಗಟ್ಟಲೆ ಉಳಿದುಬಿಡುತ್ತಾರೆ, ಮದ್ದು ಅರ್ಧಕ್ಕೆ ನಿಲ್ಲುತ್ತದೆ, ಮುಂದೆ ಮದ್ದಿಗೆ ಬಗ್ಗದ ರೋಗ ಬರುತ್ತದೆ. ಆ ಸಂಖ್ಯೆ ಇದ್ದರೆ ಮುಂಬಯಿಯಲ್ಲಿ ಶುರುವಾದ ಮದ್ದನ್ನು ಸೇಡಂನಲ್ಲೋ ಕುಂದಾಪುರದಲ್ಲೋ ಮುಂದುವರಿಸಬಹುದು. ಹೊರಡುವ ಮುನ್ನ ಇಲ್ಲಿನ ಕೇಂದ್ರಕ್ಕೆ ಒಂದು ಮಾತು ಹೇಳಿದರೆ ಅವರೇ ವರ್ಗಾಯಿಸುತ್ತಾರೆ. 1800-11-6666 ಎಂಬ ಉಚಿತ ಸಹಾಯವಾಣಿಯೂ ಇದೆ.

ಇನ್ನು ಎಲ್ಲರೂ ಕಾಯುವ ಪ್ರಶ್ನೆ: ಮದ್ದು ಮುಗಿದರೆ ಮಕ್ಕಳಾಗುತ್ತವೆಯೇ?

ರೋಗ ವಾಸಿಯಾಗುತ್ತದೆ. ಹಾನಿ ವಾಸಿಯಾಗುವುದು ಅದು ಎಷ್ಟಾಗಿದೆ ಎಂಬುದರ ಮೇಲೆ. ಬೇಗ ಸಿಕ್ಕರೆ, ನಾಳ ಇನ್ನೂ ತೆರೆದಿದ್ದರೆ, ಒಳಪದರ ಚೆನ್ನಾಗಿದ್ದರೆ ತಾನಾಗಿಯೇ ಗರ್ಭ ನಿಂತವರನ್ನು ನಾನು ನೋಡಿದ್ದೇನೆ. ನಾಳ ಕಲೆಗಟ್ಟಿ ಮುಚ್ಚಿಹೋಗಿದ್ದರೆ ಮದ್ದಿನಿಂದ ಅದು ಮತ್ತೆ ತೆರೆದುಕೊಳ್ಳುವುದು ಕಷ್ಟ. ಶಸ್ತ್ರಚಿಕಿತ್ಸೆಯಿಂದ ಬಿಡಿಸಲು ಹೋಗುವುದರಲ್ಲೂ ಲಾಭ ಕಡಿಮೆ. ಆಗ ಉಳಿಯುವ ದಾರಿ ಐವಿಎಫ್, ಏಕೆಂದರೆ ಅದಕ್ಕೆ ನಾಳ ಬೇಕಾಗಿಲ್ಲ, ಆರೋಗ್ಯವಾದ ಒಳಪದರ ಸಾಕು. ಒಳಪದರವೇ ಸುಟ್ಟ ಹೊಲದಂತಾಗಿದ್ದರೆ ಐವಿಎಫ್ ಕೂಡ ಕೈಕೊಡುತ್ತದೆ. ಬಾಡಿಗೆ ತಾಯ್ತನಕ್ಕೆ 2021ರ ಕಾಯ್ದೆಯ ಪ್ರಕಾರ ಹಣದ ವ್ಯವಹಾರ ಇರುವಂತಿಲ್ಲ, ವೈದ್ಯಕೀಯ ಕಾರಣದ ಪ್ರಮಾಣಪತ್ರ ಬೇಕು, ಷರತ್ತುಗಳು ಹಲವು. ದತ್ತು ಇದ್ದೇ ಇದೆ. ಮೊದಲ ಭೇಟಿಯಲ್ಲೇ ಅದರ ಮಾತು ತೆಗೆಯುವ ವೈದ್ಯರ ಬಗ್ಗೆ ನನಗೆ ಅಸಮಾಧಾನವಿದೆ. ದಂಪತಿ ಕೇಳಿದಾಗ ಹೇಳಿದರಾಯಿತು.

ಚಿಕಿತ್ಸೆ ಮುಗಿದವರು ತಪ್ಪದೆ ನೆನಪಿಡಬೇಕಾದ ಒಂದು ಎಚ್ಚರಿಕೆ. ಮುಟ್ಟು ತಪ್ಪಿದರೆ ಸಂತೋಷದಲ್ಲಿ ಮೂರು ತಿಂಗಳು ಕಾಯುತ್ತಾ ಕೂರಬೇಡಿ. ಕಲೆಯಿರುವ ನಾಳದಲ್ಲೇ ಭ್ರೂಣ ಸಿಕ್ಕಿಕೊಂಡು ಬೆಳೆಯುವ ಅಪಾಯ ಇವರಲ್ಲಿ ಹೆಚ್ಚು. ನಾಳ ಒಡೆದರೆ ಪ್ರಾಣಕ್ಕೇ ಸಂಚಕಾರ. ಕೂಡಲೇ ಪರೀಕ್ಷೆ ಮಾಡಿಸಿ, ಗರ್ಭ ಸರಿಯಾದ ಜಾಗದಲ್ಲಿದೆಯೇ ಎಂದು ಬೇಗ ಸ್ಕ್ಯಾನ್ ಮಾಡಿಸಿ.

ಬ್ಯಾಂಕಿನವರು ಆರು ತಿಂಗಳ ಮದ್ದು ಮುಗಿಸಿ, ಮತ್ತೆ ಕೆಲವು ತಿಂಗಳು ಬಿಟ್ಟು, ಮೂರನೇ ಸಲ ಐವಿಎಫ್ ಮಾಡಿಸಿಕೊಂಡರು. ಮಗಳು ಹುಟ್ಟಿದಳು. ಅವರ ಅತ್ತೆ ಸ್ವೀಟ್ ಬಾಕ್ಸ್ ತಂದಿದ್ದರು, ಟಿ.ಬಿ.ಯ ಮಾತು ಅವರ ಬಾಯಿಂದ ಅಂದೂ ಬರಲಿಲ್ಲ.

ಕಲಬುರಗಿಯವಳ ಎರಡು ನಾಳಗಳೂ ಮುಚ್ಚಿದ್ದವು, ಗರ್ಭಕೋಶದೊಳಗೆ ಅಂಟುಗಳೂ ಇದ್ದವು. ಮೊದಲ ದಿನ ಅತ್ತೆ ಕೇಳಿದ "ಒಂದ್ ಮಾತ್" ಹೇಳಲು ನಾನು ಒಪ್ಪಲಿಲ್ಲ. ಮೊದಲು ಇವಳ ರೋಗ ವಾಸಿಯಾಗಬೇಕು, ಆಮೇಲೆ ಮಕ್ಕಳ ಮಾತು ಎಂದೆ. ಅಷ್ಟು ಹೊತ್ತು ಬಾಗಿಲ ಬಳಿ ನಿಂತಿದ್ದ ಗಂಡ, "ಆಕಿ ಗುಳಗಿ ಮುಗೀಲಿ ಬೇ ಯವ್ವಾ" ಎಂದ. ಅವನು ನನ್ನ ಮುಂದೆ ಆಡಿದ ಮಾತು ಅದೊಂದೇ. ನಡುವೆ ಒಂದು ತಿಂಗಳು ಊರಿಗೆ ಹೋಗಿದ್ದಾಗಲೂ ಅಲ್ಲಿನ ಕೇಂದ್ರದಿಂದ ಮದ್ದು ತೆಗೆದುಕೊಂಡಳು. ಖಾಲಿಯಾದ ಗುಳಿಗೆಯ ಪಟ್ಟಿಗಳನ್ನೆಲ್ಲ ದಾರಕ್ಕೆ ಪೋಣಿಸಿ ಶೆಡ್ಡಿನ ಮೊಳೆಗೆ ನೇತುಹಾಕಿದ್ದನಂತೆ ಗಂಡ, ಲೆಕ್ಕ ತಪ್ಪಬಾರದೆಂದು.

ಮದ್ದು ಮುಗಿಯುವಾಗ ಅವಳ ತೂಕ ಐದು ಕಿಲೋ ಏರಿತ್ತು. ಅಂಟುಗಳನ್ನು ಬಿಡಿಸಿದ ಮೇಲೆ ಮುಟ್ಟು ಎರಡು ದಿನಕ್ಕೆ ಬಂತು. ಐವಿಎಫ್‌ಗೆ ಲಕ್ಷಗಟ್ಟಲೆ ಬೇಕು, ಅವರಲ್ಲಿಲ್ಲ. ಸರ್ಕಾರಿ ಆಸ್ಪತ್ರೆಯೊಂದರ ಸರದಿಯಲ್ಲಿ ಹೆಸರು ಬರೆಸಿದ್ದಾರೆ. ಊರಿನ ಆ ಸೋದರಮಾವನ ಮಗಳಿಗೆ ಬೇರೆ ಕಡೆ ಮದುವೆಯಾಯಿತು ಎಂದು ಕಳೆದ ಸಲ ಬಂದಾಗ ಅವಳೇ ಹೇಳಿದಳು. ಹೇಳುವಾಗ ನಕ್ಕಳು. ಅದಾದ ಮೇಲೆ ಎದ್ದು ನಿಂತವಳು ಮತ್ತೆ ಕೂತು, ತಂಗಿಗೂ ಈಗ ಒಂದು ವರ್ಷದಿಂದ ಮುಟ್ಟು ಕಡಿಮೆಯಾಗಿದೆ, ಬರುವ ತಿಂಗಳು ಅವಳ ಮದುವೆ, ಅವಳನ್ನೂ ತೋರಿಸಬೇಕೇನು ಎಂದು ಕೇಳಿದಳು. ಮದುವೆಗೆ ಮೊದಲೇ ತೋರಿಸು ಎಂದು ಚೀಟಿ ಬರೆದುಕೊಟ್ಟೆ. ಕೆಳಗೆ ಕನ್ನಡದಲ್ಲೇ, ಅಣ್ಣನಿಗೆ ಹಿಂದೆ ಟಿ.ಬಿ. ಆಗಿತ್ತು, ಅಕ್ಕನಿಗೆ ಗರ್ಭಕೋಶದ ಟಿ.ಬಿ. ಆಗಿ ವಾಸಿಯಾಗಿದೆ ಎಂದೂ ಸೇರಿಸಿದೆ, ಅಲ್ಲಿನ ವೈದ್ಯರ ಮುಂದೆ ಅವಳು ಬಾಯಿಬಿಡದೆ ಕೂತರೂ ವಿಷಯ ಗೊತ್ತಾಗಲಿ ಎಂದು.